ವಿಡಿಯೋದಣ್ಣ ಹೇಳಿದ ಸುಳ್ಳು

ಸಿಂಚನ, ಶಶಾಂಕ, ನಿಮ್ಮ ಅಜ್ಜಿ ಬರೆಯುತ್ತಿರುವುದು. ನಮ್ಮ ವಿಡಿಯೋದಣ್ಣನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡು ಎಡಗಣ್ಣು ಮುಚ್ಚಿ ಮುಚ್ಚಿ, ಅದಕ್ಕೆ ಪೂರ್ತಿ ತೆರೆಯುವ ಅಭ್ಯಾಸವೇ ತಪ್ಪಿಹೋಗಿತ್ತು. ಯಾರಾದರೂ ಮಾತಾಡಿಸಿದರೆ ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡುವರು. ಹೊಸಬರು ಇದೇನು ಅಹಂಕಾರ ಎಂದುಕೊಳ್ಳುತ್ತಿದ್ದರು. ಕ್ಯಾಮೆರಾ ಹೊತ್ತ ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಇಳಿದಿತ್ತು.

ಹೊಳಲ್ಕೆರೆಯ ನಮ್ಮ ಮನೆಯ ರಸ್ತೆ ಕಡೆಯ ಕೋಣೆಯೇ ಅವರ ಅಂಗಡಿ. ತೊಂಬತ್ತರ ದಶಕದಲ್ಲಿ ಬಾಡಿಗೆಗೆ ಬಂದಾಗ ದಪ್ಪ ಕ್ಯಾಸೆಟ್ಟುಗಳ ಕಾಲ. ಮದುವೆ, ಸೀಮಂತ, ಗೃಹಪ್ರವೇಶ ಎಂದು ತಾಲ್ಲೂಕೆಲ್ಲ ಸುತ್ತುವರು. ಹೆಂಗಸರು ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡರೆ, "ಯಾಕವ್ವಾ, ನಾನೇನು ನಿಮ್ಮ ಹೊಲ ಅಳೆಯಾಕೆ ಬಂದೀನಾ? ಒಂದೀಟು ನಗ್ರಿ" ಎನ್ನುವರು. ನಾನು ಬಾಗೂರಿನ ಶಾಲೆಯಲ್ಲಿ ಏಳನೇ ತರಗತಿ ಓದಿ ಬಂದವಳು. ಅವರ ಕ್ಯಾಮೆರಾಕ್ಕೆ ಎಂದೂ ಮುಖ ಕೊಡಲಿಲ್ಲ. ನಮ್ಮ ಮನೆಯ ಕ್ಯಾಸೆಟ್ಟುಗಳಲ್ಲೆಲ್ಲ ನಾನು ಬರೀ ಬೆನ್ನು.

ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ನಮ್ಮ ಕಡೆಯ ಒಂದು ಮಠದವರು ಅವರನ್ನು ಕರೆಸಿದರು. ತಿಂಗಳಿಗೊಮ್ಮೆ ನಡೆಯುವ ಪ್ರವಚನವನ್ನು ಮಠದ ವೆಬ್‌ಸೈಟಿನಲ್ಲಿ ತೋರಿಸಬೇಕು, ದೂರದ ಭಕ್ತರು ಕುಳಿತಲ್ಲೇ ನೋಡಬೇಕು, ಅದಕ್ಕೆ ಯಾವ ಸಾಫ್ಟ್‌ವೇರ್ ಸರಿಹೋಗುತ್ತದೆಂದು ನೀವೇ ನೋಡಿ ಆರಿಸಿ ಎಂದರು. ವಿಡಿಯೋದಣ್ಣ ಅಷ್ಟು ಖುಷಿಯಾಗಿದ್ದನ್ನು ನಾನು ಕಂಡಿರಲಿಲ್ಲ. ಎಲ್ಲೆಲ್ಲೋ ವಿಚಾರಿಸಿ ಮೂರನ್ನು ತಂದು ಅಂಗಡಿಯ ಕಂಪ್ಯೂಟರಿಗೆ ಹಾಕಿಕೊಂಡರು. ಒಂದು ಹಳೆಯ ಕಂಪ್ಯೂಟರನ್ನು ನಮ್ಮ ಒಳಕೋಣೆಯಲ್ಲಿಟ್ಟು, ನನ್ನನ್ನು ಅದರ ಮುಂದೆ ಕೂರಿಸಿದರು.

"ಅಕ್ಕಾ, ನೀವು ಇಲ್ಲಿ ಕುಂತ್ಕಳ್ರಿ. ನಾನು ಅಲ್ಲಿಂದ ಕಳಿಸ್ತೀನಿ. ಚಿತ್ರ ನಿಂತ್ರೆ ಕೂಗ್ರಿ."

"ನನಗೇನು ಗೊತ್ತಾಗ್ತೈತಣ್ಣಾ?"

"ನಿಮಗೆ ಗೊತ್ತಾಗಂಗಿದ್ರೇ ಭಕ್ತರಿಗೂ ಗೊತ್ತಾಗ್ತೈತೆ. ನೀವೇ ನಮ್ಮ ಪರೀಕ್ಷೆ ಮೇಷ್ಟ್ರು."

ಪಡಸಾಲೆಯ ಗೋಡೆ ಗಡಿಯಾರಕ್ಕೆ ಕ್ಯಾಮೆರಾ ಹಿಡಿಯುವರು. ನಾನು ಒಳಗೆ ಪರದೆಯಲ್ಲಿ ಅದೇ ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತ, "ನಿಂತೈತೆ!" "ಈಗ ಹೊರಟೈತೆ!" ಎಂದು ಕೂಗಬೇಕು. ನಿಮ್ಮ ಅಜ್ಜ ಮಾರ್ಕೆಟ್ ಯಾರ್ಡಿನ ಗುಮಾಸ್ತಿಕೆ ಮುಗಿಸಿ ಬಂದವರು ಬಾಗಿಲಲ್ಲೇ ನಿಂತು, "ಏನಪ್ಪಾ, ನಮ್ಮನೆ ಗಡಿಯಾರ ನೋಡಾಕೆ ದೇಶದ ಭಕ್ತರೆಲ್ಲ ಕಾಯ್ತಾ ಅವ್ರಾ?" ಎನ್ನುವರು.

ಆ ಮೂರಕ್ಕೂ ಅವರು ಹೆಸರಿಟ್ಟಿದ್ದರು. ಒಂದು ಎಮ್ಮೆ: ಚಿತ್ರ ಅರ್ಧ ನಿಮಿಷ ತಡವಾಗಿ ಬರುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಇನ್ನೊಂದು ಕುದುರೆ: ಆಗಿದ್ದು ಆಗಲೇ ಕಾಣುತ್ತಿತ್ತು, ಆದರೆ ಯಾವಾಗ ಮುಗ್ಗರಿಸುತ್ತದೋ ಹೇಳಲಾಗದು. ಮೂರನೆಯದು ಉಪ್ಪಿನಕಾಯಿ: ಮೊದಲೇ ಹಿಡಿದಿಟ್ಟದ್ದನ್ನು ಹಾಕಿಟ್ಟರೆ ಬೇಕಾದಾಗ ತೆಗೆದು ನೋಡಬಹುದು. ಯಾವುದು ಒಳ್ಳೆಯದೆಂದು ತಿಂಗಳಾದರೂ ತೀರ್ಮಾನವಾಗಲಿಲ್ಲ. ಅಷ್ಟರಲ್ಲಿ ನಿಮ್ಮ ಅಜ್ಜ ಹೋದರು.

ಬೆಳಗ್ಗೆ ಸ್ನಾನಕ್ಕೆಂದು ಎದ್ದವರು ಮತ್ತೆ ಕುಸಿದು ಕುಳಿತರು, ಅಷ್ಟೇ. ನಿಮ್ಮಮ್ಮ ಆಗ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್. ಸಿಂಚನ, ನೀನು ಹೊಟ್ಟೆಯಲ್ಲಿದ್ದೆ, ಎಂಟು ತುಂಬಿತ್ತು. ಡಾಕ್ಟರು ವಿಮಾನ ಹತ್ತುವುದೇ ಬೇಡ ಎಂದಿದ್ದರು. ಒಬ್ಬಳೇ ಮಗಳು. ಫೋನಿನಲ್ಲಿ ಅವಳು ಅಳಲಿಲ್ಲ. "ಅಮ್ಮಾ, ಮಣ್ಣು ಮಾಡಾಕೆ ಮುಂಚೆ ಒಂದ್ಸಲ ಅಪ್ಪನ ಮುಖ ನೋಡ್ಬೇಕು" ಎಂದಷ್ಟೇ ಹೇಳಿದಳು. ಹೊತ್ತು ಮುಳುಗುವ ಮೊದಲು ಬಿ.ದುರ್ಗ ಹಳ್ಳಿಯ ನಮ್ಮ ಹೊಲದಲ್ಲಿ ಮಣ್ಣಾಗಬೇಕೆಂದು ಹಿರಿಯರು ಆಗಲೇ ಹೇಳಿಯಾಗಿತ್ತು.

ವಿಡಿಯೋದಣ್ಣ ಬಾಗಿಲ ಬಳಿ ನಿಂತಿದ್ದವರು ಮುಂದೆ ಬಂದು, "ಅಕ್ಕಾ, ನಾನು ತೋರಿಸ್ತೀನಿ" ಎಂದರು.

ನಿಮ್ಮ ಅಜ್ಜನ ಅಣ್ಣ, ನಿಮ್ಮ ದೊಡ್ಡಜ್ಜ, ರೇಗಿದರು. "ಲೇ, ಬಸುರಿಗೆ ಹೆಣ ತೋರಿಸ್ತಾರೇನೋ? ಇದೇನು ಮದ್ವೆ ಮನೆ ಅಂದ್ಕಂಡಿದೀಯಾ?"

"ಹೆಣ ಅಲ್ರೀ ಯಜಮಾನ್ರೇ, ತಂದೆ ಮುಖ. ನೋಡದೇ ಇದ್ರೆ ಆ ಹೊಟ್ಟೆಗೆ ಅದಕ್ಕಿಂತ ಕೇಡು ಇನ್ನೇನೈತೆ?"

ಎಲ್ಲರೂ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಗಂಡಸರ ನಡುವೆ ನಾನು ಒಂದು ವಿಷಯ ತೀರ್ಮಾನಿಸಿದ್ದು ಅದೇ ಮೊದಲು.

ಅಜ್ಜನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಿಗೆ ಹಾರ ಹಾಕಿದ್ದರು. ವಿಡಿಯೋದಣ್ಣ ಅಂಗಡಿಯಿಂದ ತಂತಿ ಎಳೆದು, ಕ್ಯಾಮೆರಾವನ್ನು ಅವರ ಮುಖಕ್ಕೆ ಹತ್ತಿರ ಮಾಡಿ ನಿಲ್ಲಿಸಿದರು. ನನ್ನ ಕಿವಿಯ ಬಳಿ ಬಗ್ಗಿ, "ಅಕ್ಕಾ, ಕುದುರೇನೇ ಹಾಕ್ತೀನಿ. ನೀವು ವಿಭೂತಿ ಹಚ್ಚಿದ್ದು ಮಸ್ಕತ್ತಿನಾಗಿರೋ ತಂಗಿಗೆ ಆಗಲೇ ಕಾಣ್ಬೇಕು. ಅರ್ಧ ನಿಮಿಷ ಆದ್ಮೇಲೆ ಅಲ್ಲ" ಎಂದರು. ನಿಮ್ಮಮ್ಮ ಅಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದಾಳೆಂದು ಹೇಳಿ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ನಾನು ವಿಭೂತಿ ಹಚ್ಚಿದೆ. ಅದೇ ಗಳಿಗೆಯಲ್ಲಿ ಫೋನಿನೊಳಗಿಂದ, "ಕಂಡ್ರು ಅಮ್ಮಾ, ಅಪ್ಪ ಕಂಡ್ರು" ಎಂಬ ದನಿ ಬಂತು. ದೊಡ್ಡಜ್ಜನೂ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಆಮೇಲೆ ಗದ್ದಲದಲ್ಲಿ ಫೋನು ಕಡಿದುಹೋಯಿತು. ಎತ್ತುವ ಹೊತ್ತಾಯಿತೆಂದು ಜನ ನುಗ್ಗಿದರು. ತಂತಿ ಯಾರ ಕಾಲಿಗೋ ಸಿಕ್ಕಿತು. ವಿಡಿಯೋದಣ್ಣ ಕ್ಯಾಮೆರಾ ಬದಿಗಿಟ್ಟು ತಾವೇ ಹೆಗಲು ಕೊಟ್ಟರು. ಟ್ರ್ಯಾಕ್ಟರು ಹೊರಟಿತು. ಬಿ.ದುರ್ಗಕ್ಕೆ ಹೋಗಿ ಮಣ್ಣು ಕೊಟ್ಟು ತಿರುಗಿ ಬರುವಾಗ ಸಂಜೆಯಾಗಿತ್ತು. ಗಂಡಸರು ಸ್ನಾನಕ್ಕೆ ಹಿತ್ತಲಿಗೆ ಹೋದರು. ಅಜ್ಜ ಕುಳಿತಿದ್ದ ಜಾಗವನ್ನು ತೊಳೆದು ದೀಪ ಹಚ್ಚಿದ್ದರು. ನೆಲ ಇನ್ನೂ ಒದ್ದೆಯಿತ್ತು. ನಾನೂ ವಿಡಿಯೋದಣ್ಣನೂ ಮಾತ್ರ ಪಡಸಾಲೆಯಲ್ಲಿದ್ದಾಗ ಫೋನು ಬಂತು.

"ಅಮ್ಮಾ, ಇನ್ನೂ ಎತ್ತಿಲ್ವಾ? ಕತ್ತಲಾಗ್ತಾ ಬಂತಲ್ಲ."

ನನಗೆ ಅರ್ಥವಾಗಲಿಲ್ಲ.

"ಆಗಿಂದ ನಾನು ಅಪ್ಪನ ಜೊತೆ ಮಾತಾಡ್ತಾನೇ ಇದೀನಮ್ಮಾ. ಚಿಕ್ಕಂದಿಂದ ಎಲ್ಲಾ ಹೇಳ್ದೆ. ಒಂದ್ಸಲ ರೆಪ್ಪೆ ಆಡಿದಂಗೂ ಆತು."

ನಾನು ದೀಪದತ್ತ ನೋಡಿದೆ. ಹಿಂದಿನ ಬರೀ ಗೋಡೆಯತ್ತ ನೋಡಿದೆ. ಬಿ.ದುರ್ಗದಲ್ಲಿ ನಾವು ಮಣ್ಣು ಕೊಟ್ಟು ಬಂದಿದ್ದೆವು; ಮಸ್ಕತ್ತಿನ ಪರದೆಯಲ್ಲಿ ನಿಮ್ಮ ಅಜ್ಜ ಇನ್ನೂ ಕುಳಿತೇ ಇದ್ದರು. ತಂತಿ ಕಿತ್ತ ಗಳಿಗೆಯಲ್ಲಿ ಚಿತ್ರ ಅವರ ಮುಖದ ಮೇಲೆ ನಿಂತುಬಿಟ್ಟಿತ್ತು. ಗಡಿಯಾರವಾದರೆ ಮುಳ್ಳು ನಿಂತದ್ದು ತಿಳಿಯುತ್ತದೆ. ಸತ್ತವರ ಮುಖ ನಿಂತದ್ದು ಹೇಗೆ ತಿಳಿಯಬೇಕು? ಒಳಕೋಣೆಯಲ್ಲಿ ಕುಳಿತು "ನಿಂತೈತೆ" ಎಂದು ಕೂಗುವವಳು ನಾನೊಬ್ಬಳೇ. ಆ ದಿನ ನಾನು ಅಲ್ಲಿರಲಿಲ್ಲ.

ಫೋನನ್ನು ವಿಡಿಯೋದಣ್ಣನ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡರು. ಮುಖ ಬೂದಿಯ ಹಾಗಾಯಿತು. ಆ ಬರೀ ಗೋಡೆಯತ್ತ ಒಮ್ಮೆ ನೋಡಿ, "ಇಲ್ಲ ತಂಗಿ, ಇನ್ನೂ ಎತ್ತಿಲ್ಲ. ನೆಂಟರೊಬ್ಬರು ಬರೋದಿತ್ತು, ಕಾಯ್ತಾ ಇದೀವಿ. ಹೇಳೋದು ಉಳಿದಿದ್ರೆ ಹೇಳ್ಕೊ ತಾಯಿ" ಎಂದರು.

ಫೋನು ಇಡಲಿಲ್ಲ. ಅವಳು ಅಲ್ಲಿ ಅಪ್ಪನೊಡನೆ ಮಾತಾಡುತ್ತಿದ್ದಳು, ಇಲ್ಲಿ ಅವರು ಆ ದೀಪದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಫೋನು ಹಿಡಿದುಕೊಂಡಿದ್ದರು. ಕೊನೆಗೆ, "ಮುಗೀತೇನವ್ವಾ?" ಎಂದು ಕೇಳಿದರು. "ಈಗ ಎತ್ತುತಾರೆ. ತುಂಬಿದ ಬಸುರಿ ಅದನ್ನ ನೋಡಬಾರದು. ಕಂಪ್ಯೂಟರ್ ಆರಿಸಿಬಿಡು, ನನ್ನ ಮಾತು ಕೇಳು."

ಆರಿಸಿದೆ ಎಂದು ಅವಳು ಹೇಳಿದ ಮೇಲೆ ವಿಡಿಯೋದಣ್ಣ ಎದ್ದು ನಿಂತು ಆ ಗೋಡೆಗೆ ಕೈಮುಗಿದರು. ನಿಮ್ಮ ಅಜ್ಜನನ್ನು ಎರಡನೆಯ ಸಲ ಎತ್ತಿದ್ದು ಆಗ. ಕಂಡವರು ನಾವಿಬ್ಬರೇ.

ಮುಂದಿನ ವಾರ ಅವರು ಮಠಕ್ಕೆ ಹೋಗಿ ಉಪ್ಪಿನಕಾಯಿಯನ್ನೇ ಆರಿಸಿರುವುದಾಗಿ ಹೇಳಿದರು. ಪ್ರವಚನ ಮುಗಿದ ಮೇಲೆ ಹಾಕೋಣ, ಇದು ಹಿಂದೆ ನಡೆದದ್ದು ಎಂದು ಮೇಲೆ ಬರೆಯೋಣ ಎಂದರಂತೆ. ಬೇರೆಯವರೆಲ್ಲ ನೇರವಾಗಿ ತೋರಿಸುವಾಗ ನಮ್ಮದೇನು ಹಳಸಲು ಎಂದು ಮಠದವರು ಒಪ್ಪಲಿಲ್ಲ. ಎಮ್ಮೆಯಾದರೂ ಹಾಕಬಹುದಿತ್ತಲ್ಲ ಎಂದು ನಾನೇ ಕೇಳಿದೆ. "ಎಮ್ಮೆನೂ ಒಂದಿನ ನಿಲ್ತೈತಕ್ಕಾ. ಆಗಿ ಹೋಗಿದ್ದನ್ನ ಈಗ ಆಗ್ತೈತೆ ಅಂತ ಇನ್ನೊಬ್ರಿಗೆ ನಾನು ತೋರಿಸಲ್ಲ" ಎಂದರು. ಆ ಕೆಲಸ ಚಿತ್ರದುರ್ಗದ ಇನ್ನಾರಿಗೋ ಹೋಯಿತು. ಇವರು ಮತ್ತೆ ಮದುವೆ ಮನೆಗಳಿಗೆ ತಿರುಗಿದರು. ಒಳಕೋಣೆಯ ಕಂಪ್ಯೂಟರನ್ನು ಒಯ್ಯಲು ಬಂದ ವಿಡಿಯೋದಣ್ಣ, ಅದು ಆರಿಸಿಯೇ ಇದ್ದರೂ, ಪರದೆಯ ಮೇಲೆ ಟವೆಲು ಹೊದಿಸಿ ಎತ್ತಿಕೊಂಡು ಹೋದರು.

ಶಶಾಂಕ, ನೀನು ಹುಟ್ಟಿದ ವರ್ಷ ವಿಡಿಯೋದಣ್ಣನ ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿದರು. ನೋಡಲು ಹೋಗಿದ್ದೆ. ಹೆಂಡತಿಯನ್ನು ನೀರು ತರಲು ಕಳಿಸಿ, "ಅಕ್ಕಾ, ತಂಗಿಗೆ ಹೇಳಿದ್ರಾ?" ಎಂದು ಕೇಳಿದರು. ಇಲ್ಲವೆಂದೆ. "ಹೇಳ್ರಿ. ನನ್ನ ಕೈಲಿ ಆಗ್ಲಿಲ್ಲ. ಸುಳ್ಳು ಅವತ್ತಿಗೆ ಬೇಕಿತ್ತು, ಇಷ್ಟು ದಿನಕ್ಕೆ ಬೇಕಿರ್ಲಿಲ್ಲ." ಹೇಳುತ್ತೇನೆಂದು ಮಾತು ಕೊಟ್ಟೆ. ವಾರದೊಳಗೆ ಅವರು ತೀರಿಕೊಂಡರು.

ಆ ಮಾತನ್ನು ನಾನು ಉಳಿಸಿಕೊಂಡಿಲ್ಲ. ಪ್ರತಿ ವರ್ಷ ಅಜ್ಜನ ಪುಣ್ಯತಿಥಿಯ ದಿನ ನಿಮ್ಮಮ್ಮ ಮುಸ್ಸಂಜೆಗೆ ಸರಿಯಾಗಿ ಫೋನು ಮಾಡುತ್ತಾಳೆ. "ಇದೇ ಹೊತ್ತಿಗಲ್ವಾ ಅಮ್ಮಾ, ಅಪ್ಪನ್ನ ಎತ್ತಿದ್ದು?" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಹೂಂ ಎನ್ನುವಾಗ ಪಡಸಾಲೆಯ ಆ ಗೋಡೆಯ ಕಡೆ ತಿರುಗಿ ನೋಡಲು ನನಗೆ ಧೈರ್ಯವಿಲ್ಲ. ಅವಳು ಹೇಳಿಕೊಂಡ ಮಾತುಗಳನ್ನೆಲ್ಲ ಕೇಳುತ್ತ ನಿಮ್ಮ ಅಜ್ಜ ಅಲ್ಲೇ ಕುಳಿತಿರುವರೇನೋ ಎನಿಸುತ್ತದೆ.

ಬಾಯಲ್ಲಿ ಆಡಲಾಗದ್ದನ್ನು ಬರೆದಿದ್ದೇನೆ. ನನ್ನ ಮುಖವನ್ನೂ ಮಣ್ಣಿಗೆ ಕೊಟ್ಟ ಮೇಲೆ ಇದನ್ನು ನಿಮ್ಮಮ್ಮನ ಕೈಗೆ ಕೊಡಿ. ಕೋಪ ಬಂದರೆ ಇಷ್ಟು ವರ್ಷ ಸುಮ್ಮನಿದ್ದ ನನ್ನ ಮೇಲೆ ಬರಲಿ, ಅವಳು ಮಾತು ಮುಗಿಸುವವರೆಗೆ ಫೋನು ಹಿಡಿದು ಕುಳಿತವರ ಮೇಲೆ ಬೇಡ. ಅಲ್ಲಿಯವರೆಗೆ, ಮಕ್ಕಳೇ, ಈ ಹಾಳೆಗಳು ಒದ್ದೆಯಾಗದಂತೆ, ಹರಿಯದಂತೆ ಜೋಪಾನವಾಗಿ ಇಟ್ಟುಕೊಳ್ಳಿ.