ಅಕೀ ಹೇಳ್ಲಿ

ಹೈದರಾಬಾದಿನ ಆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಕೂರುವ ಕೋಣೆಗೆ ಒಂದೇ ಸ್ಟೂಲು. ಅದರ ಮೇಲೆ ಬಸುರಿ ಮಾತ್ರ ಕೂರಬೇಕು. ಜೊತೆಗೆ ಬಂದವರು ಎಷ್ಟೇ ಹಿರಿಯರಾಗಲಿ, ನಿಂತಿರಬೇಕು. ಎಲ್ಲರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದ ಸಿಸ್ಟರ್, ನಮ್ಮ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ಬಂದರು.

ನನ್ನ ಚಿಕ್ಕ ಮಗು ಇನ್ನೂ ಮೊಲೆ ಬಿಟ್ಟಿರಲಿಲ್ಲ, ಆಗಲೇ ಮತ್ತೆ ಮುಟ್ಟು ನಿಂತಿತ್ತು. ಮಿಯಾಪುರದಿಂದ ಮೆಟ್ರೋದಲ್ಲಿ ಕರೆತಂದ ಅತ್ತೆ ಸ್ಟೂಲಿನ ಮೇಲೆ ತಾವೇ ಕೂತರು.

“ನಮಗ ಇದು ಬ್ಯಾಡ್ರಿ, ತಗಸಿಬಿಡ್ರಿ. ನನ್ನ ಮಗ ಸಹಿ ಮಾಡ್ತಾನ.”

ಸಿಸ್ಟರ್ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. “ನೀವು ಏಳ್ರಿ. ಅಕೀ ಕೂಡ್ಲಿ, ಅಕೀ ಹೇಳ್ಲಿ.”

“ಅಕೀದೇನೈತ್ರಿ, ನಾವು ಹೇಳಿದಂಗ.”

“ರೊಕ್ಕ ಸರ್ಕಾರದ್ದು, ಮೈ ಅಕೀದು. ನಿಮ್ಮ ಮಗನ ಸಹಿ ಯಾತಕ್ರಿ? ಅಕೀ ಹೇಳ್ಲಿ.”

ಅತ್ತೆ ಎದ್ದರು, ನಾನು ಕೂತೆ. ನನಗೂ ಬೇಡವೇ ಆಗಿತ್ತು, ಮೈಯಲ್ಲಿ ತ್ರಾಣವಿರಲಿಲ್ಲ. ಹಾಗೆಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

“ಅತ್ತಿಯವ್ರು ಹೇಳಿದಂಗ ಮಾಡ್ರಿ” ಎಂದೆ.

ಸಿಸ್ಟರ್ ಪೆನ್ನು ಮುಟ್ಟಲಿಲ್ಲ. ಅತ್ತೆಯನ್ನು ಹೊರಗೆ ಕಳಿಸಿ, ಕೈಕಟ್ಟಿ ಕೂತರು. ಬಾಗಿಲಾಚೆ ಸಾಲು ಬೆಳೆಯಿತು, ಯಾರೋ ತೆಲುಗಿನಲ್ಲಿ ಗೊಣಗಿದರು. ಅವರು ಅತ್ತ ತಿರುಗದೆ ನನ್ನನ್ನೇ ನೋಡುತ್ತಿದ್ದರು.

ಕೊನೆಗೆ “ನನಗ ಬ್ಯಾಡ್ರಿ” ಎಂದೆ. ಆಗ ಪೆನ್ನಿನ ಮುಚ್ಚಳ ತೆಗೆದರು.

ನಾನು ಸೊಸೆಯಾಗಿ ಬಂದ ಮೇಲೆ, ನನ್ನನ್ನು ಒಂದು ಮಾತು ಕೇಳಿ ಉತ್ತರ ಬರುವ ತನಕ ಕಾದವರು ಅವರೊಬ್ಬರೇ.