ದೊರೆ ಕುದುರೆ ಇಳಿದ ಚಿತ್ರ

ಲಂಡನ್ನಿನ ಒಂದು ಚಿತ್ರಶಾಲೆಯಲ್ಲಿ ನಾನು ಕಾವಲುಗಾರ. ನನ್ನ ಸುಪರ್ದಿಗೆ ಒಂದು ಕೋಣೆ, ಒಂದು ಮಡಚುವ ಕುರ್ಚಿ, ಮತ್ತು ಗೋಡೆಯಗಲದ ಒಂದು ತೈಲಚಿತ್ರ. ಹದಿನೇಳನೆಯ ಶತಮಾನದ ಬರೋಕ್ ಚಿತ್ರಕಾರನೊಬ್ಬ ತನಗಿಂತ ಶತಮಾನಗಳಷ್ಟು ಹಿಂದಿನ ಕಥೆಯನ್ನು ಚಿತ್ರಿಸಿದ್ದು: ಕಾಡುದಾರಿಯ ಕೆಸರಿನಲ್ಲಿ ಬಡ ಪಾದ್ರಿಯೊಬ್ಬ ನಡೆದು ಬರುತ್ತಿದ್ದಾನೆ; ಬೇಟೆಗೆ ಹೊರಟ ದೊರೆ ಕುದುರೆ ಇಳಿದು, ಮಂಡಿಯೂರಿ, ಆ ಕುದುರೆಯನ್ನೇ ಅವನಿಗೆ ಒಪ್ಪಿಸುತ್ತಿದ್ದಾನೆ. ಈ ಪುಣ್ಯಕ್ಕೆ ದೊರೆಯ ವಂಶಕ್ಕೆ ಸಾಮ್ರಾಜ್ಯದ ಸಿಂಹಾಸನವೇ ಒಲಿಯಿತೆಂದು ಪಕ್ಕದ ಫಲಕ ಹೇಳುತ್ತದೆ. ದೊಡ್ಡವರು ಕುದುರೆ ಇಳಿದರೆ ಚಿತ್ರವಾಗುತ್ತದೆ. ಹುಟ್ಟಿನಿಂದ ನಡೆಯುವವನಿಗಾಗಿ ಯಾರೂ ಬಣ್ಣ ಕಲೆಸುವುದಿಲ್ಲ.

ನನ್ನನ್ನು ಈ ಊರಿಗೆ ಕರೆಸಿಕೊಂಡವನು ಅಣ್ಣ. ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ, ಇಲ್ಫರ್ಡಿನಲ್ಲಿ ಸ್ವಂತ ಮನೆ. ಧಾರವಾಡದ ಪದ್ಧತಿಯನ್ನು ಮಾತ್ರ ಬಿಟ್ಟವನಲ್ಲ: ದಸರೆಯ ಸಂಜೆ ನಾನು ಟೂಟಿಂಗಿನ ನನ್ನ ಬಾಡಿಗೆ ಮನೆಯಿಂದ ಹೋಗಿ, ಅವನ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದು ಹೇಳಿ ಕಾಲು ಮುಟ್ಟಬೇಕು. ಮುಟ್ಟುವುದಕ್ಕೆ ನನ್ನ ತಕರಾರೇನೂ ಇರಲಿಲ್ಲ. ಪ್ರತಿಯಾಗಿ ನಾನು ಬಯಸಿದ್ದು ಒಂದೇ: ನಾಲ್ಕು ಜನರ ಮುಂದೆ ಅವನು ಒಮ್ಮೆ, ಇವ ನನ್ನ ತಮ್ಮ, ಕಾವಲು ಕೆಲಸ ಮಾಡ್ತಾನ ಎನ್ನಬೇಕು. ಕನ್ನಡದವರು ಸೇರಿದಲ್ಲೆಲ್ಲ ಅವನು ಹೇಳುತ್ತಿದ್ದದ್ದು, "ತಮ್ಮ ಆರ್ಟ್ಸ್ ಫೀಲ್ಡ್‌ನ್ಯಾಗ ಇದ್ದಾನ."

ಕಳೆದ ದಸರೆಯ ಮಧ್ಯಾಹ್ನ ಅಣ್ಣ ಚಿತ್ರಶಾಲೆಯ ನನ್ನ ಕೋಣೆಗೇ ಬಂದ. ಜೊತೆಗೆ ಅವನ ಮೇಲಧಿಕಾರಿ ದಂಪತಿ. ಚಿತ್ರ ನೋಡುವ ಹಟ ಅವರದೇ ಇರಬೇಕು. ನಾನು ಸಮವಸ್ತ್ರದಲ್ಲಿದ್ದೆ. ಕಿಸೆಯಲ್ಲಿ ಊರಿಂದ ತರಿಸಿಕೊಂಡ ಒಣ ಬನ್ನಿ. ಅಣ್ಣನ ದೃಷ್ಟಿ ನನ್ನ ಮೇಲೆ ಹಾದು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲೆ ಹಾದು, ದೊರೆಯ ಮೇಲೆ ನೆಲೆಸಿತು. ಆಮೇಲೆ ಪ್ರವಚನ. ನಮ್ಮಲ್ಲೂ ಹೀಗೆಯೇ, ಇವತ್ತು ಸಂಜೆ ನನ್ನ ತಮ್ಮ ಬಂದು ನನ್ನ ಕಾಲು ಮುಟ್ಟುತ್ತಾನೆ ಎಂದು ಇಂಗ್ಲಿಷಿನಲ್ಲಿ ಬಣ್ಣಿಸಿದ. ತಮ್ಮ ಏನು ಮಾಡುತ್ತಾರೆ ಎಂದು ಅಧಿಕಾರಿಯ ಹೆಂಡತಿ ಕೇಳಿದರು. ಕಲಾರಂಗದಲ್ಲಿದ್ದಾನೆ ಎಂದ. ಹೇಳುವ ಭರದಲ್ಲಿ ಅವನ ಬೆರಳು ದೊರೆಯ ಮಂಡಿಯ ತೀರಾ ಹತ್ತಿರ ಹೋಯಿತು. ಕುರ್ಚಿಯಿಂದೆದ್ದು, ಸ್ವಲ್ಪ ಹಿಂದೆ ನಿಲ್ಲಿ ಸರ್ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ.

"ಸಾರಿ" ಎಂದ, ನನ್ನ ಎದೆಯ ಬಿಲ್ಲೆ ನೋಡುತ್ತ. ಜನ್ಮದಲ್ಲಿ ಅವನು ನನ್ನನ್ನು ಕೇಳಿದ ಕ್ಷಮೆ ಅದೊಂದೇ.

ಡ್ಯೂಟಿ ಮುಗಿಯುವ ಹೊತ್ತಿಗೆ ಅವನ ಫೋನು ಬಂತು.

"ಸಂಜೀಕ ಬರ್ತೀ ಹೌದಿಲ್ಲೋ? ಅವರನ್ನೂ ಕರದೀನಿ, ನಮ್ಮ ಪದ್ಧತಿ ನೋಡಲಿ ಅಂತ."

"ನನ್ನನ್ನ ಮಧ್ಯಾಹ್ನನ ನೋಡ್ಯಾರಲ್ಲ ಅಣ್ಣಾ."

"ಯೂನಿಫಾರ್ಮ್ ತಗದು ಬಾರೋ. ಗುರ್ತ ಹಿಡಿಯಂಗಿಲ್ಲ."

ಹೋದೆ. ಅಂಗಿ ಬದಲಿಸಿಕೊಂಡೇ ಹೋದೆ. ಅವನ ಹೆಂಡತಿ, ನಮ್ಮ ವೈನಿ, ಹಾಸಿದ ಜಮಖಾನೆಯ ಮೇಲೆ ಅಣ್ಣ ಪೂರ್ವಾಭಿಮುಖವಾಗಿ ಪ್ರತಿಷ್ಠಾಪಿತನಾಗಿದ್ದ. ಬನ್ನಿ ಕೊಟ್ಟೆ, ಬಾಗಿದೆ, ಮುಟ್ಟಿದೆ. ಕೊನೆಗೂ ನಾಲ್ಕು ಜನರ ಮುಂದೆ, ಇವನೇ ನನ್ನ ತಮ್ಮ ಎಂದ. ಅಷ್ಟಕ್ಕೇ ನಿಲ್ಲಿಸಿದ.

ಅವನ ಲೆಕ್ಕಾಚಾರ ತಪ್ಪಿರಲಿಲ್ಲ. ಊಟಕ್ಕೆ ಕುಳಿತಾಗ ಅಧಿಕಾರಿಯ ಹೆಂಡತಿ ನನ್ನ ಕಡೆ ತಿರುಗಿ, ಇವತ್ತು ಇದೇ ಭಾವದ ಅದ್ಭುತ ಚಿತ್ರವೊಂದನ್ನು ನೋಡಿದೆವು, ಕಲಾರಂಗದವರು ನೀವು, ಒಮ್ಮೆಯಾದರೂ ಹೋಗಿ ನೋಡಲೇಬೇಕು ಎಂದರು.

ನಾಳೆ ಬೆಳಿಗ್ಗೆಯೇ ಹೋಗುತ್ತೇನೆ ಎಂದೆ. ಅಣ್ಣ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದ.