ಪಲ್ಲವಿಯ ತಲೆಗೆ ಕಟ್ಟಿದ ಹನ್ನೊಂದು ಟ್ರಿಪ್ಪು

ಸಿಟ್ಟು ಬಂದರೆ ಕೆಲವರು ಕೂಗಾಡುತ್ತಾರೆ, ಕೆಲವರು ಊಟ ಬಿಡುತ್ತಾರೆ. ಮೆಟ್ರಿ ಊರಿನ ಎರ್ರೆಪ್ಪನ ಮಗಳು ಪಲ್ಲವಿ ಮಾತ್ರ ಬರೆದಿಡುತ್ತಿದ್ದಳು. ಯಾರು ಅಂದರು, ಏನಂದರು, ಆಗ ಗಂಟೆ ಎಷ್ಟಾಗಿತ್ತು, ಎಲ್ಲವೂ ಅವಳ ಉದ್ದ ನೋಟ್‌ಬುಕ್ಕಿಗೆ ಬೀಳುತ್ತಿತ್ತು. ಅವ್ವ ಮಂದಿಯ ಗದ್ದೆಯಲ್ಲಿ ಕಳೆ ಕಿತ್ತು ಓದಿಸಿದ ಹುಡುಗಿ. ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಮುಗಿಸಿದವಳು. ಆ ಮನೆತನದಲ್ಲಿ ಫ್ಯಾನಿನ ಕೆಳಗೆ ಕೂತು ಸಂಬಳ ತಂದವರಲ್ಲಿ ಅವಳೇ ಮೊದಲು.

2006ರ ಮಾತು. ಸಂಡೂರಿನ ಗುಡ್ಡಗಳನ್ನು ಅಗೆದಗೆದು ಲಾರಿಗೆ ತುಂಬುತ್ತಿದ್ದ ಕಾಲ. ಅಲ್ಲಿಯವರೆಗೆ ಭತ್ತದ ವ್ಯಾಪಾರ ಮಾಡಿಕೊಂಡಿದ್ದ ಗಾದಿಲಿಂಗಪ್ಪ ಸಾಹುಕಾರರು ನಲವತ್ತು ಲಾರಿ ಇಳಿಸಿ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಹಾಕಿಸಿ, ದೊಡ್ಡ ಅಂಗಳದ ಆಫೀಸು ತೆರೆದಿದ್ದರು. ಅದಿರು ತುಂಬಿದ ಗಾಡಿ ಒಳಗೆ ಬಂದು ತೂಕವಾದ ಕೂಡಲೇ ಆ ಟ್ರಿಪ್ಪನ್ನು ಕಂಪ್ಯೂಟರಿಗೆ ಏರಿಸುವುದು ಪಲ್ಲವಿಯ ಕೆಲಸ. ಲೆಕ್ಕವೆಲ್ಲ ಇದ್ದದ್ದು ಸಾಹುಕಾರರ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ. ಅಲ್ಲಿಂದ ಒಂದು ವೈರು ಎಳೆದಿದ್ದರಿಂದ ಪಲ್ಲವಿ ಅದೇ ಲೆಕ್ಕವನ್ನು ವೇಬ್ರಿಡ್ಜಿನ ಕೋಣೆಯಲ್ಲಿ ಕೂತು ತೆರೆಯುತ್ತಿದ್ದಳು. ಅವಳು ಏರಿಸಿದ ಟ್ರಿಪ್ಪಿಗಷ್ಟೇ ಡ್ರೈವರಿಗೆ ಭತ್ಯೆ.

ದೀಪಾವಳಿಯವರೆಗೆ ಎಲ್ಲ ಸುಸೂತ್ರ. ದೀಪಾವಳಿಗೆ ವಾಸ್ತು ಹೇಳುವವನೊಬ್ಬ ಬಂದು, ಲಕ್ಷ್ಮಿ ನಿಲ್ಲಬೇಕಾದರೆ ಯಜಮಾನರ ಕುರ್ಚಿ, ತಿಜೋರಿ, ಕಂಪ್ಯೂಟರು ಮೂರೂ ನೈಋತ್ಯಕ್ಕೆ ಹೋಗಬೇಕೆಂದ. ಗುಡ್ಡಗಳೇ ಜಾಗ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ಒಂದು ಕಂಪ್ಯೂಟರು ಹೋಗುವುದು ಯಾವ ಲೆಕ್ಕ? ಸಾಹುಕಾರರು ಗೇಟಿನ ಆ ಕಡೆ, ನೈಋತ್ಯದ ಮೂಲೆಯಲ್ಲಿ ಹೊಸ ಕೋಣೆ ಕಟ್ಟಿಸಿ, ಮೂರನ್ನೂ ವೈರಿನ ಸಮೇತ ಅಲ್ಲಿಗೆ ಸಾಗಿಸಿದರು.

ಅಂದಿನಿಂದ ಕನೆಕ್ಷನ್ ಕಡಿಯತೊಡಗಿತು. ಪಲ್ಲವಿ ಲಾರಿ ನಂಬರು ಹೊಡೆದು, ತೂಕ ಹೊಡೆದು, ಇನ್ನೇನು ಸೇವ್ ಮಾಡಬೇಕು, ಪರದೆ ಸ್ತಬ್ಧ. ಕಂಪನಿಯ ಲೆಕ್ಕ ಸಿಗುತ್ತಿಲ್ಲ ಎಂದು ಸಾಫ್ಟ್‌ವೇರು ಅವಳನ್ನು ಹೊರಗೆ ದಬ್ಬುತ್ತಿತ್ತು. ಮತ್ತೆ ಒಳಗೆ ಹೋದರೆ ಒಮ್ಮೆ ಎಂಟ್ರಿ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಹೊರಗೆ ಹತ್ತು ಲಾರಿ ಹಾರ್ನ್ ಬಾರಿಸುವಾಗ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಹುಡುಕಲು ಅವಳಿಗೇನು ನಾಲ್ಕು ಕೈ ಇದ್ದವೇ?

ಹೊಸಪೇಟೆಯ ಕಂಪ್ಯೂಟರ್ ರಿಪೇರಿಯ ಪಂಪೇಶ್ ಮೂರು ಸಲ ಬಂದ. ಬಂದಾಗಲೆಲ್ಲ ಸಾಹುಕಾರರದು ಒಂದೇ ಕಟ್ಟುನಿಟ್ಟು: "ಮಷಿನ್ ಬಿಚ್ಚಾಕತ್ಯಾರ, ಕೆಂಧೂಳು ಒಳಗ ಹೋಗ್ತೈತಿ. ಗೇಟ್ ಹಾಕ್ರಿ, ಗಾಡಿ ಹೊರಗ ನಿಲ್ಲಿಸ್ರಿ." ಪಂಪೇಶ್ ಪಲ್ಲವಿಯ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಸಾಹುಕಾರರ ಕಂಪ್ಯೂಟರನ್ನು ಕರೆದು ನೋಡುತ್ತಿದ್ದ. ಉತ್ತರ ಬಂತು, ಉತ್ತರ ಬಂತು ಎಂದು ಸಾಲು ಮೂಡುತ್ತಿತ್ತು. ಯಾವುದೋ ನಂಬರು ಬದಲಿಸಿ, ಯಾವುದೋ ತಡೆ ತೆಗೆದು, "ಲೈನ್ ಮಸ್ತ್ ಐತ್ರಿ. ಆಪರೇಟರ್ ಕಡೆ ಏನರ ಆಗತೈತಿ" ಎಂದು ಹೇಳಿ ಹೋಗಿಬಿಡುತ್ತಿದ್ದ. ಆಪರೇಟರ್ ಪಲ್ಲವಿ ಆ ಮಾತನ್ನೂ ಬರೆದುಕೊಂಡಳು.

ತಿಂಗಳ ಕೊನೆಗೆ ಹನ್ನೊಂದು ಟ್ರಿಪ್ಪು ಲೆಕ್ಕದಲ್ಲಿ ಇರಲಿಲ್ಲ. ಅದರಲ್ಲಿ ನಾಲ್ಕು ಬಂಡ್ರಿಯ ಡ್ರೈವರ್ ಹೊನ್ನೂರಪ್ಪನವು. ಅವನು ಅಂಗಳದಲ್ಲಿ ನಿಂತು, ತನ್ನ ಭತ್ಯೆ ನುಂಗಿದ ಕಳ್ಳಿ ಎಂದು ಕೂಗಿದ. ಸಾಹುಕಾರರು ಹೊರಗೆ ಬಂದು, ಇಪ್ಪತ್ತು ಡ್ರೈವರ್‌ಗಳ ಎದುರಿಗೆ ಪಲ್ಲವಿಯನ್ನು ಕರೆಸಿದರು.

"ಭಾನುವಾರ ನಮ್ಮ ಅಳಿಯ ಇದ ಸೀಟಿನ್ಯಾಗ ಕುಂತು ದಿನಪೂರ್ತಿ ವಾರದ ಲೆಕ್ಕ ನೋಡ್ತಾನ. ಒಮ್ಮೆನೂ ಕಡಿಯಂಗಿಲ್ಲ. ನೀ ಕುಂತ್ರಷ್ಟ ಕಡೀತೈತಿ. ಯಾರ ಕೈ ಅಂತ ಮಷಿನ್ನಿಗೂ ಗೊತ್ತಾಗೈತಿ ನೋಡು!"

ಯಾರೋ ನಕ್ಕರು. ಸಾಹುಕಾರರು ಇನ್ನೂ ಮುಗಿಸಿರಲಿಲ್ಲ. "ಆ ಹನ್ನೊಂದು ಟ್ರಿಪ್ಪು ಲೆಕ್ಕದಾಗ ಬಿಟ್ಟು, ಅದಿರಿನ ರೊಕ್ಕ ಯಾರ ಜೋಡಿ ಹಂಚ್ಕೊಂಡಿ, ಶನಿವಾರದೊಳಗ ಹೇಳು. ಇಲ್ಲಂದ್ರ ಸ್ಟೇಷನ್ನಿಗೆ ಬರಕೊಡ್ತೀನಿ."

ಸ್ಟೇಷನ್ನಿಗೆ ಒಂದು ಅರ್ಜಿ ಹೋದರೆ ಸಂಡೂರಿನಿಂದ ಕಂಪ್ಲಿಯವರೆಗೆ ಯಾವ ಆಫೀಸಿನಲ್ಲೂ ಅವಳಿಗೆ ಕುರ್ಚಿ ಸಿಗುವುದಿಲ್ಲ. ಅದು ಪಲ್ಲವಿಗೆ ತಿಳಿಯದ್ದಲ್ಲ. ಆದರೆ ಕಳ್ಳಿ ಎಂದದ್ದಕ್ಕಿಂತ 'ಯಾರ ಕೈ' ಎಂದದ್ದು ಅವಳ ಮೈ ಉರಿಸಿತು. ಯಾರ ಕೈ ಎಂದರೆ ಏನು, ಯಾವ ಕೇರಿಯ ಕೈ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಅರ್ಥವಾಗಿತ್ತು. ಅವಳು ಕೋಣೆಗೆ ಹೋಗಿ, ನೋಟ್‌ಬುಕ್ಕಿನಲ್ಲಿ ಪೆನ್ನಿನ ಮೊನೆ ಹಾಳೆಯ ಹಿಂದೆ ಮೂಡುವಷ್ಟು ಒತ್ತಿ ಬರೆದಳು.

ಬರೆಯುತ್ತ ಬರೆಯುತ್ತ ಅವಳಿಗೆ ಭಾನುವಾರದ ಗುಟ್ಟು ಹೊಳೆಯಿತು. ಅಳಿಯನ ಕೈಯಲ್ಲೇನು ಮಂತ್ರವಿತ್ತೇ? ಭಾನುವಾರ ವೇಬ್ರಿಡ್ಜಿಗೆ ರಜೆ. ಅಂದು ಅಂಗಳಕ್ಕೆ ತುಂಬಿದ ಗಾಡಿ ಬರುವುದೇ ಇಲ್ಲ!

ಮರುದಿನದಿಂದ ಕನೆಕ್ಷನ್ ಕಡಿದ ನಿಮಿಷವನ್ನೆಲ್ಲ ಗುರುತು ಹಾಕಿದಳು. ತೂಕದ ಚೀಟಿಯ ಮೇಲೆ ಹೇಗೂ ಗಂಟೆ ಅಚ್ಚಾಗಿರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಳು. ಖಾಲಿ ಗಾಡಿ ಎಷ್ಟು ಓಡಾಡಿದರೂ ಏನೂ ಆಗಿರಲಿಲ್ಲ. ತುಂಬಿದ ಗಾಡಿ ಗೇಟು ದಾಟಿದಾಗಲೇ ಕಡಿದಿತ್ತು, ಎರಡು ದಿನದಲ್ಲಿ ಹದಿನಾಲ್ಕು ಸಲ. ಅವಳಿಗೆ ಸಮಾಧಾನವಾಗಲಿಲ್ಲ, ಸಿಟ್ಟು ಇಮ್ಮಡಿಯಾಯಿತು. ಇಷ್ಟು ಸಣ್ಣ ವಿಷಯ ನೋಡುವ ವ್ಯವಧಾನ ಇಲ್ಲದವರು ತನ್ನ ಕೈಯ ಜಾತಿ ನೋಡಿದರಲ್ಲ!

ಶನಿವಾರ ಅವಳೇ ಫೋನು ಮಾಡಿ ಪಂಪೇಶನನ್ನು ಕರೆಸಿದಳು. ವಾಚ್‌ಮನ್ ರೂಢಿಯಂತೆ ಗೇಟು ಎಳೆಯಲು ಹೋದ. ಪಲ್ಲವಿ ಓಡಿಹೋಗಿ ಗೇಟಿಗೆ ಬೆನ್ನು ಕೊಟ್ಟು ನಿಂತಳು.

"ಗೇಟ್ ಹಾಕಬ್ಯಾಡ್ರಿ. ಹೊನ್ನೂರಣ್ಣ, ನಿನ್ನ ಗಾಡಿ ತುಂಬೈತಲ್ಲ, ನಾ ಕೈ ಮಾಡಿದಾಗ ಮೆಲ್ಲಕ ಒಳಗ ತಾ."

"ನನ್ನ ರೊಕ್ಕ ನುಂಗಿ ನನಗ ಹುಕುಂ ಮಾಡ್ತಿ?" ಎಂದ ಹೊನ್ನೂರಪ್ಪ.

"ನಿನ್ನ ರೊಕ್ಕ ಎಲ್ಲಿ ಹೋತು ಅಂತ ತೋರಸಾಕ ಕರೆಯಾಕತ್ತೀನಿ. ಬಾ."

ಗಲಾಟೆ ಕೇಳಿ ಸಾಹುಕಾರರೂ ಬಂದರು. ವೇಬ್ರಿಡ್ಜಿನ ಕೋಣೆಯಲ್ಲಿ ಪಂಪೇಶ್ ತೆರೆದಿದ್ದ ಕಪ್ಪು ಪರದೆಯ ಮೇಲೆ ಉತ್ತರ ಬಂತು, ಉತ್ತರ ಬಂತು ಎಂದು ಸಾಲುಗಳು ಇಳಿಯುತ್ತಿದ್ದವು. ಪಲ್ಲವಿ ಒಳಗೆ ಬಂದು ಕಿಟಕಿಯಿಂದ ಕೈ ಮಾಡಿದಳು. ಲಾರಿಯ ಹಿಂದಿನ ಗಾಲಿ ಗೇಟಿನ ಚರಂಡಿಯ ಮೇಲೆ ಹಾಸಿದ್ದ ಬಂಡೆ ಹತ್ತಿತು, ಬಂಡೆ ಗುಡುಗುಡು ಅಲುಗಿತು, ಉತ್ತರ ನಿಂತಿತು. ಗಾಲಿ ಇಳಿಯಿತು, ಉತ್ತರ ಮತ್ತೆ ಬಂತು. ಹಿಂದಕ್ಕೆ, ಮುಂದಕ್ಕೆ, ನಾಲ್ಕು ಸಲ ಹೀಗೇ ಮಾಡಿಸಿದಳು. ಪಂಪೇಶ್ ತಲೆ ಕೆರೆದುಕೊಂಡ.

ಹಾರೆ ಹಾಕಿ ಬಂಡೆ ಎಬ್ಬಿಸಿದರೆ ಕೆಂಪು ಕೆಸರಿನೊಳಗೆ ವೈರಿನ ನಡುವೆ ಕರಿ ಟೇಪು ಸುತ್ತಿದ ಒಂದು ಗಂಟು. "ಇದನ್ನ ಹಿಂಗ ಕೂಡಿಸಿದ ಪುಣ್ಯಾತ್ಮ ಯಾರ್ರಿ?" ಎಂದ ಪಂಪೇಶ್.

ಲಾರಿಗಳ ವೈರಿಂಗ್ ಮಾಡುವ ಗಾಳೆಪ್ಪ ಮುಂದೆ ಬಂದ. "ನಾನ. ಹೊಸ ಕೋಣಿತನಕ ವೈರು ಸಾಲಲಿಲ್ಲ. ಉದ್ದಂದು ತರಸೋಣ ಅಂದೆ, ಒಂದು ವೈರಿಗೆ ಅಷ್ಟ್ಯಾಕ, ನೀನ ಕೂಡಸಲೇ ಅಂದ್ರು ಸಾವ್ಕಾರ್ರು. ಹಾರ್ನಿನ ವೈರು ತಿರುವಿದಂಗ ತಿರುವಿ ಟೇಪ್ ಹಾಕಿದೆ."

ಎಲ್ಲರೂ ಸಾಹುಕಾರರತ್ತ ನೋಡಿದರು. ಅವರು ಪಲ್ಲವಿಯನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಆಗಿದ್ದಾತವ್ವಾ. ತಿಳೀದ ಅಂದೆ, ಮನಸಿಗೆ ಹಚ್ಕೋಬ್ಯಾಡ. ಬರೋ ತಿಂಗಳಿಂದ ಐನೂರು ಜಾಸ್ತಿ ತಗೊ."

"ಅಂಗಳದಾಗ ಅಂದ ಮಾತು ಅದು. ಬಾಗಲ ಹಾಕ್ಕೊಂಡು ಹೆಂಗ ವಾಪಸ್ ತಗೋತೀರಿ?" ಎಂದು ಪಲ್ಲವಿ ಬಾಗಿಲು ತೆರೆದು ಹೊರಗೆ ನಿಂತಳು. ಡ್ರೈವರ್‌ಗಳೆಲ್ಲ ಅಲ್ಲೇ ಇದ್ದರು. ಸಾಹುಕಾರರಿಗೆ ಬರದೆ ಗತಿಯಿರಲಿಲ್ಲ. ಬಂದು, ಮೀಸೆಯೊಳಗೆ ಏನೋ ಗೊಣಗಿದರು. ಲಾರಿಯ ಇಂಜಿನ್ನಿನ ಸದ್ದಿನಲ್ಲಿ ಅದು ಅವರ ಅಂಗಿಯ ಗುಂಡಿಗೂ ಕೇಳಿಸಿರಲಾರದು.

ಹೊನ್ನೂರಪ್ಪ ಗಾಡಿ ಹತ್ತಿ ಇಂಜಿನ್ ಆರಿಸಿದ. "ಈಗ ಅನ್ರಿ ಸಾವ್ಕಾರ್ರ. ನಾನೂ ಆಕೀನ ಕಳ್ಳಿ ಅಂದೀನಿ, ನನ್ನದೂ ತಪ್ಪು."

"ಪಲ್ಲವಿ ಕದ್ದಿಲ್ಲ. ತಪ್ಪು ನಂದು" ಎಂದರು ಗಾದಿಲಿಂಗಪ್ಪನವರು, ಎಲ್ಲರಿಗೂ ಕೇಳುವಂತೆ.

"ಮತ್ತ ನನ್ನ ಕೈ ಬಗ್ಗೆ ಅಂದಿದ್ದು?"

ಸಾಹುಕಾರರು ಅವಳ ಮುಖ ಬಿಟ್ಟು ಗೇಟಿನತ್ತ ನೋಡುತ್ತ, "ಏ, ಆ ಬಂಡೆ ಮುಚ್ರಲೇ, ಗಾಡಿ ಹೋಗಬೇಕು" ಎಂದರು.

ಪಲ್ಲವಿ ವೇಬ್ರಿಡ್ಜಿನ ಕೋಣೆಗೆ ಹೋಗಿ, ಕಳೆದುಹೋದ ಹನ್ನೊಂದು ಟ್ರಿಪ್ಪನ್ನೂ ತೂಕದ ಚೀಟಿ ನೋಡಿ ಒಂದೊಂದಾಗಿ ಏರಿಸಿದಳು. ಡ್ರೈವರ್‌ಗಳ ದುಡಿಮೆ ಯಾರ ಸಿಟ್ಟಿಗೂ ಮುಳುಗಬಾರದು. ಆಮೇಲೆ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು, ರಸ್ತೆಗೆ ಬಂದು ನಿಂತಳು. "ಸೋಮವಾರ ಬರ್ತೀಯಲ್ಲ?" ಎಂದು ಸಾಹುಕಾರರು ಗೇಟಿನಿಂದ ಕೂಗಿದರು. ಅವಳು ತಿರುಗಿ ನೋಡದೆ ಹೊಸಪೇಟೆಯ ಬಸ್ಸು ಹತ್ತಿದಳು.